ಬಾಗಿಲ ಮೇಲೆ ಏಳು ಗೋಪುರ

ಇಳಕಲ್ಲಿನ ಮಲೀಕಸಾಬ ಉಳಿ ಎತ್ತಿದನೆಂದರೆ ಬಾದಾಮಿ ಗುಹೆಯ ಮೂರ್ತಿಗಳೆಲ್ಲ ನಾಚಿ ಗೋಡೆಯ ಕಡೆ ಹೊರಳುತ್ತಿದ್ದವು. ಇಂಥ ಗಂಡುಗಲಿಯನ್ನು ಒಂದೇ ಒಂದು ಮಾತು ಮಣಿಸುತ್ತಿತ್ತು. ಅವನಿಗೆ ಸಾಲಾಗಿ ಏಳು ಹೆಣ್ಣು ಹುಟ್ಟಿದಾಗ ಪ್ರತಿ ಸಲವೂ, ನಾಲ್ಕು ಗಂಡುಮಕ್ಕಳ ತಂದೆಯಾದ ಅಣ್ಣ ಇಬ್ರಾಹಿಂಸಾಬ ಬಂದು ಬೆನ್ನು ತಟ್ಟಿ, "ಹೋಗ್ಲಿ ಬಿಡು ತಮ್ಮಾ" ಎಂದಿದ್ದ. ಏಳು ಸಲ! ಆ ಮಾತನ್ನು ಒಮ್ಮೆಯಾದರೂ ತಿರುಗಿಸಿ ಕೊಡದೆ ಸಾಯಬಾರದೆಂದು ಮಲೀಕಸಾಬನ ಹಟ.

ಗ್ರಾನೈಟು ಕೊಳ್ಳಲು ಸ್ಪೇನಿನಿಂದ ರಮೋನ್ ಬಂದ. ಎತ್ತರ ಎಷ್ಟೆಂದರೆ, ಬಾಗಿಲಲ್ಲಿ ಮೂರು ಮಡಿಕೆಯಾಗಿ ಒಳಗೆ ಬಂದ. ತನ್ನ ಮನೆಯ ಬಾಗಿಲ ಮೇಲಿಡಲು ಮನೆತನದ ಲಾಂಛನ ಕೆತ್ತಿಕೊಡಬೇಕು ಎಂದ. ಕಿರಿಮಗಳು ಫರಹಾನಾ ಅವನ ಇಂಗ್ಲಿಷನ್ನು ಕನ್ನಡ ಮಾಡಿದಳು.

"ಅಬ್ಬಾ, ಇವರ ಹಿರ್ಯಾರು ಇದಾಲ್ಗೊ ಅಂತ. ರಾಜಾ ಅಲ್ಲ, ಜಹಗೀರದಾರ ಅಲ್ಲ, ಬಿರುದೂ ಇಲ್ಲ. ಆದ್ರೂ ಕುಲೀನ ಮನಿತನ. ಕರಾ ಕಟ್ಟಂಗಿಲ್ಲ, ಬಾಗಲ ಮ್ಯಾಲ ಕಲ್ಲಿನ ಗುರುತು."

"ಹೆಂಗ ಆದ್ರಂತ ಕೇಳು."

"ಸಾಲಾಗಿ ಏಳು ಗಂಡಮಕ್ಕಳು ಹುಟ್ಟಿದ್ರ ಆಗ ಆ ಮರ್ಯಾದಿ ಸಿಗ್ತಿತ್ತಂತ."

ಮಲೀಕಸಾಬನ ಕೈಯ ಉಳಿ ಜಾರಿತು. "ಏಳು ಹೆಣ್ಣು ನಡಿತಾವೇನು, ಕೇಳು!"

ರಮೋನ್ ನಕ್ಕ. ಫರಹಾನಾ ಹೇಳಿದಳು: "ಕಾಯ್ದೇದಾಗ ಗಂಡಮಕ್ಕಳು ಅಂತನ ಇತ್ತಂತ. ಆದ್ರ ಈಗ ಆ ಕಾಯ್ದೇನ ಇಲ್ಲಂತ."

"ಕಾಯ್ದೇನ ಇಲ್ಲಂದ್ರ ನನ್ನ ತಡಿಯಾವ್ರು ಯಾರು?"

ಒಳಗಿನಿಂದ ಹೆಂಡತಿ ದಸ್ತಗೀರಬಿ ಕೂಗಿದಳು: "ಹಡದಾಕಿ ನಾನ್ರೀ, ಕುಲೀನ ಆಗಾವ್ರು ನೀವು!"

"ನಿನ್ನ ಹೆಸರನ ಕೆತ್ತತೇನಿ, ಸುಮ್ನಿರ!"

ರಮೋನನ ಕಲ್ಲು ಮುಗಿಸಿ, ಮಲೀಕಸಾಬ ತನ್ನ ಬಾಗಿಲಿಗೆಂದು ಇನ್ನೊಂದು ಕಲ್ಲಿಗೆ ಕೈ ಹಾಕಿದ. ಇಳಕಲ್ ಸೀರೆಯ ಸೆರಗಿನಲ್ಲಿ ಇರುತ್ತವಲ್ಲ, ಅಂಥವೇ ಏಳು ಗೋಪುರ. ನೆತ್ತಿಯ ಮೇಲೆ ದಸ್ತಗೀರಬಿಯ ಹೆಸರು. ಹೊಳಪು ಎಂಥದೆಂದರೆ ಪಕ್ಕದ ಊರು ಹುನಗುಂದದವರು ತಮ್ಮೂರಲ್ಲೇ ನಿಂತು ಅದರಲ್ಲಿ ಮುಖ ನೋಡಿ ತಲೆ ಬಾಚಿಕೊಂಡರು.

ರವಿವಾರ ಕಲ್ಲು ಏರಿಸುವ ದಿನ. ಏಳು ಆನೆಯ ತೂಕ! ಇಬ್ರಾಹಿಂಸಾಬನ ನಾಲ್ಕು ಗಂಡುಮಕ್ಕಳಲ್ಲಿ ಒಬ್ಬನಿಗೆ ಸೊಂಟನೋವು, ಒಬ್ಬನಿಗೆ ಫೋನು ಬಂತು, ಉಳಿದಿಬ್ಬರು ಹೇಗೆ ಎತ್ತಬೇಕೆಂದು ವಾದಕ್ಕೆ ಕುಳಿತರು. ಗಂಡನ ಮನೆಗಳಿಂದ ಬಂದಿದ್ದ ಆರು ಜನ ಹೆಣ್ಣುಮಕ್ಕಳು, ಫರಹಾನಾ ಸೇರಿ ಏಳು, ಸೆರಗು ದುಪಟ್ಟಾ ಬಿಗಿದು "ಹ್ಞಾಂ" ಅಂದರು. ಕಲ್ಲು ಬಾಗಿಲ ಮೇಲೆ ಕೂತಿತು. ಓಣಿಯ ಚಪ್ಪಾಳೆಗೆ ದೂರದ ತುಳಸಿಗೇರಿಯ ಪಾರಿವಾಳಗಳು ಹಾರಿದವು.

ಇಬ್ರಾಹಿಂಸಾಬ ಬಹಳ ಹೊತ್ತು ಕತ್ತೆತ್ತಿ ನೋಡಿದ. ಗಡ್ಡ ಕೆರೆದುಕೊಂಡ.

"ಮಲೀಕಾ, ನನ್ನ ಬಾಗಲಕ್ಕೂ ಇಂಥಾದೊಂದು ಮಾಡಿಕೊಡಪಾ."

"ಹೆಣ್ಣಮಕ್ಕಳು ಎಷ್ಟ ಮಂದಿ, ಭಾಯಿ?"

"ಗೊತ್ತಿಲ್ಲೇನ್ಲೇ? ಒಬ್ಬಾಕಿನೂ ಇಲ್ಲ."

ಮಲೀಕಸಾಬ ಹತ್ತಿರ ಹೋದ. ಅಣ್ಣನ ಬೆನ್ನ ಮೇಲೆ ಮೆಲ್ಲಗೆ, ಏಳು ಸಲ ತಟ್ಟಿದ.

"ಹೋಗ್ಲಿ ಬಿಡು, ಭಾಯಿ."