ಹೊಳೆಯಲ್ಲಿ ಅದ್ದಿದ ಬಟ್ಟೆ

ಗೋದಾಮಿನ ಬಾಗಿಲು ತಳ್ಳಿಕೊಂಡು ಬಂದ ಬಣ್ಣದ ಕಾರ್ಖಾನೆಯ ಮೇಸ್ತ್ರಿಗೆ ಮೊದಲು ಕಂಡದ್ದು ಏಣಿಯ ಮೇಲಿದ್ದ ಮಗಳ ಪಾದಗಳು. ಉಳಿದ ಮೈಯೆಲ್ಲ ತೂಗುಬಿಟ್ಟ ಬಟ್ಟೆಯ ಆಚೆಗಿತ್ತು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಬೈಗುಳವನ್ನು ಅವನು ಆ ಪಾದಗಳಿಗೇ ಒಪ್ಪಿಸಿದ.

"ಇಳಿಯೇ ಕೆಳಗೆ! ಸಾಕು ನಿಮ್ಮ ಆಟ. ನಾಳೆ ಇದನ್ನ ಸೇತುವೆಗೆ ಕಟ್ಟಿದ್ರೆ ನಾನು ಕೆಲಸಕ್ಕೆ ಬರೋದೇ ಬೇಡವಂತೆ. ಮ್ಯಾನೇಜರು ಮುಖಕ್ಕೇ ಹೇಳಿದ."

"ಏಣಿ ಅಲ್ಲಾಡಿಸ್ಬೇಡ ಅಪ್ಪಾ," ಬಟ್ಟೆಯ ಆಚೆಯಿಂದ ದನಿ ಬಂತು. "ನಾವು ಒಂದಕ್ಷರ ಬರೆದಿಲ್ಲ. ಯಾರ ಹೆಸರೂ ಎತ್ತಿಲ್ಲ. ಕುಂಬಳಕಾಯಿ ಕಳ್ಳ ಅಂದ್ರೆ ನಿಮ್ಮ ಮ್ಯಾನೇಜರು ಯಾಕೆ ಹೆಗಲು ಮುಟ್ಟಿ ನೋಡ್ಕೋಬೇಕು?"

ನೆಲದ ಮೇಲೆ ಸಾಲಾಗಿ ಕೂತು ಹೊಲಿಯುತ್ತಿದ್ದ ಹುಡುಗ ಹುಡುಗಿಯರು ಕಿಸಕ್ಕನೆ ನಕ್ಕರು. ಅವರಲ್ಲಿ ಎಲ್ಲರೂ ಕೊಕ್ಕರೆ ಎಂದೇ ಕರೆಯುವ ಉದ್ದಕಾಲಿನವನೊಬ್ಬ ಹಲ್ಲಿನಲ್ಲಿ ದಾರ ಕಡಿಯುತ್ತ, "ಚಪ್ಪಲಿ ಆಚೆ ಬಿಡಿ ಮಾಮ. ಬಟ್ಟೆ ತುಳಿದ್ರೆ ನಿಮ್ಮ ಮಗಳು ನನ್ನನ್ನೂ ಸೇರಿಸಿ ಹೊಲಿದುಬಿಡ್ತಾಳೆ," ಅಂದ.

ಮೇಸ್ತ್ರಿ ಚಪ್ಪಲಿ ಬಿಟ್ಟ. ತಲೆಬುರುಡೆಯನ್ನೋ ಮ್ಯಾನೇಜರನ ಡೊಳ್ಳುಹೊಟ್ಟೆಯನ್ನೋ ಬರೆದಿರುತ್ತಾರೆ ಎಂದುಕೊಂಡಿದ್ದ. ಇಲ್ಲಿ ಚಿತ್ರವೇ ಇರಲಿಲ್ಲ. ಗೋಡೆಯಿಂದ ಗೋಡೆಗೆ ಬಣ್ಣಬಣ್ಣದ ಪಟ್ಟಿಗಳು, ಒಂದರ ಪಕ್ಕ ಒಂದು.

"ಬಣ್ಣಕ್ಕೆ ದುಡ್ಡು ಯಾರು ಕೊಟ್ರೋ?"

"ಪುಕ್ಕಟೆ ಮಾಮ. ನೀವೇ ಕೊಟ್ಟಿದ್ದು."

ಕೊಕ್ಕರೆ ಬಿಡಿಸಿ ಹೇಳಿದ. ಬಣ್ಣದ ಕಾರ್ಖಾನೆಯ ಮೋರಿ ಹೊಳೆಗೆ ಬೀಳುವ ಜಾಗದ ಕೆಳಗೊಂದು ಬಂಡೆ. ದಿನಾ ಬೆಳಗ್ಗೆ ಅವರಲ್ಲೊಬ್ಬರು ಅದಕ್ಕೊಂದು ಬಿಳಿ ಪಟ್ಟಿ ಕಟ್ಟಿ ನೀರಿಗೆ ಬಿಡುವುದು, ಸಂಜೆ ಮತ್ತೊಬ್ಬರು ತೆಗೆದು ಒಣಗಿಸುವುದು. ಬಿಟ್ಟ ದಿನದ ವರಸೆಯಲ್ಲೇ ಹೊಲಿಯುವುದು. ಅಷ್ಟೇ.

ಅಷ್ಟರಲ್ಲಿ ಯಾರೋ ಹಿಂದಿನ ದೊಡ್ಡ ಬಾಗಿಲು ಸರಿಸಿದರು. ಇಳಿಬಿಸಿಲು ನುಗ್ಗಿ ಇಡೀ ಬಟ್ಟೆ ಒಮ್ಮೆಗೇ ಹೊತ್ತಿಕೊಂಡಂತಾಯಿತು. ಹೊಲಿಯುತ್ತಿದ್ದವರ ಮುಖಗಳ ಮೇಲೆ ನೀಲಿ, ಕೆಂಪು, ಅರಿಸಿನ.

ಮೇಸ್ತ್ರಿ ಬಟ್ಟೆಯ ಹತ್ತಿರಕ್ಕೆ ಸರಿದ. ಈ ಕಡುನೀಲಿ, ಶಾಲೆಯ ಸಮವಸ್ತ್ರಕ್ಕೆಂದು ಅವನೇ ಕಲಸಿದ್ದು. ಆ ಕೆಂಪು, ಹದ ತಪ್ಪಿತೆಂದು ತೊಟ್ಟಿಗಟ್ಟಲೆ ಸುರಿಸಿದ್ದು. ಹಸಿರು, ಮತ್ತೆ ನೀಲಿ, ಹೆಸರಿಲ್ಲದ ಒಂದು ಕಪ್ಪು. ಮೋರಿಯ ಬಾಯಿಯ ತನಕ ಅವನ ಕೆಲಸ; ಅಲ್ಲಿಂದಾಚೆ ಬಣ್ಣ ಎಲ್ಲಿಗೆ ಹೋಯಿತೆಂದು ಯಾವತ್ತೂ ತಿರುಗಿ ನೋಡಿದವನಲ್ಲ. ಹೋದದ್ದೆಲ್ಲ ಇಲ್ಲಿ ಬಂದು ನಿಂತಿತ್ತು. ಪಟ್ಟಿಯಿಂದ ಪಟ್ಟಿಗೆ ನಿಧಾನ ನಡೆದ, ತನ್ನದೇ ಬೆಳೆಯ ಸಾಲುಗಳ ನಡುವೆ ನಡೆಯುವವನ ಹಾಗೆ. ಇಷ್ಟು ಚೆಂದ ಇರಬಹುದೆಂದೂ ಗೊತ್ತಿರಲಿಲ್ಲ, ಇಷ್ಟು ಭಯವಾಗಬಹುದೆಂದೂ.

ನಡುವೆ ಒಂದು ಪಟ್ಟಿ ಮಾತ್ರ ಬೆಳ್ಳಗಿತ್ತು.

"ಇದನ್ನ ಅದ್ದೋದು ಮರೆತ್ರಾ?"

"ನಾವೂ ಹಾಳಾಯ್ತು ಅಂತ ಬಿಸಾಕಿದ್ವಿ ಮಾಮ," ಅಂದ ಕೊಕ್ಕರೆ. "ನಿಮ್ಮ ಮಗಳೇ ಹೆಕ್ಕಿ ತಂದಿದ್ದು."

ಮಗಳು ಏಣಿ ಇಳಿದು ಬಂದಳು. "ಬಾಯ್ಲರು ಕೆಟ್ಟು ಫ್ಯಾಕ್ಟರಿ ನಿಂತಿತ್ತಲ್ಲಪ್ಪ, ನೀನು ದಿನವಿಡೀ ಮಲಗಿದ್ದೆ. ಅವತ್ತಿನ ಹೊಳೆ ಇದು."

ಅವನು ಬಗ್ಗಿ ನೋಡಿದ. ಅಂಚಿನಲ್ಲಿ ಒಂದೆಳೆ ಪಾಚಿ ಅಂಟಿಕೊಂಡು ಒಣಗಿತ್ತು. ಮೂಗಿಗೆ ಹಿಡಿದ. ಬರೀ ಮಣ್ಣಿನ ವಾಸನೆ.

"ನೀನು ಬೇಡ ಅಂದ್ರೆ ಕಟ್ಟಲ್ಲ," ಮಗಳು ಮೆಲ್ಲಗೆ ಅಂದಳು. "ಇವರಿಗೆಲ್ಲ ನಾನು ಹೇಳ್ತೀನಿ."

ಸೂಜಿಗಳು ನಿಂತವು. ಮೇಸ್ತ್ರಿ ಪಟ್ಟಿಯನ್ನು ಕೈಬಿಟ್ಟು, ಮೇಲಂಚಿನ ಹಗ್ಗದ ತುದಿಗೆ ಹೋಗಿ ಗಂಟನ್ನು ಎಳೆದು ನೋಡಿದ. ಅದು ಸಡಿಲಾಗಿ ಕೈಗೇ ಬಂತು.

"ಯಾವನೋ ಇದನ್ನ ಕಟ್ಟಿದ್ದು?"

"ನಾನೇ ಮಾಮ," ಕೊಕ್ಕರೆ ತಲೆ ಕೆರೆದುಕೊಂಡ.

"ಸೇತುವೆ ಮೇಲಿನ ಗಾಳಿಗೆ ಇದು ನಿಲ್ಲಲ್ಲ ಕಣೋ. ಬಟ್ಟೆ ಹಿಂದೆ ನೀನೂ ಹಾರಿಹೋಗ್ತೀಯ. ಹಿಡ್ಕೋ ಇಲ್ಲಿ."

ಹೊರಗೆ ಕಾರ್ಖಾನೆಯ ಸಂಜೆ ಪಾಳಿಯ ಸೈರನ್ ಕೂಗತೊಡಗಿತು. ಉಗುರಿನ ಸಂದಿಗೆಲ್ಲ ನೀಲಿ ಇಳಿದಿದ್ದ ಬೆರಳುಗಳು ಹಗ್ಗವನ್ನು ಒಂದು ಸುತ್ತು ಸುತ್ತಿ, ಒಳಗೆ ತೂರಿಸಿ, ಮತ್ತೆ ಸುತ್ತಿದವು. ಬಿಸಿಲು ಬಟ್ಟೆಯ ಮೇಲೆ ಕೆಂಪಿನಿಂದ ಕಪ್ಪಿಗೆ, ಕಪ್ಪಿನಿಂದ ಬಿಳಿಗೆ ಸರಿಯಿತು. ಸೈರನ್ ನಿಂತಿತು. ಅವನು ಹಲ್ಲು ಕಚ್ಚಿ ಗಂಟನ್ನು ಇನ್ನೊಮ್ಮೆ ಬಿಗಿದ.