ಜೇಬಿಗೆ ಹೋದ ಕವಿತೆಗಳು

ರಾಯದುರ್ಗದಲ್ಲಿ ಜೀನ್ಸ್ ಪ್ಯಾಂಟು ಹೊಲಿಯದ ಓಣಿ ಹುಡುಕುವುದು ಕಷ್ಟ. ಕವಿಯನ್ನು ಹುಡುಕುವುದು ಅದಕ್ಕಿಂತ ಕಷ್ಟ. ಆದರೂ ಕೋಟೆ ಬೆಟ್ಟದ ಬುಡದ ಒಂದು ಶೆಡ್ಡಿನಲ್ಲಿ ಒಬ್ಬನಿದ್ದ. ಹೆಸರು ಚಿಕ್ಕತಿಮ್ಮಯ್ಯ, ಕೆಲಸ ಕಟಿಂಗ್ ಮಾಸ್ಟರ್. ಮಡಕಶಿರಾ ಕಡೆಯಿಂದ ಹಿಪ್ಪುನೇರಳೆ ತೋಟವನ್ನು ತಮ್ಮನಿಗೆ ಬಿಟ್ಟು ಬಂದು ಹದಿನೈದು ವರ್ಷವಾಗಿತ್ತು. ಊರು ಬಿಟ್ಟ ಮೇಲೆಯೇ ಅವನಿಗೆ ಊರಿನ ಗಿಡ, ಹಕ್ಕಿ, ಮೋಡಗಳೆಲ್ಲ ಕಣ್ಣಿಗೆ ಕಟ್ಟತೊಡಗಿದ್ದು. ಎದುರಿಗಿದ್ದಾಗ ಅವುಗಳ ಕಡೆ ತಿರುಗಿಯೂ ನೋಡಿದವನಲ್ಲ.

ಅವನು ಬರೆಯುತ್ತಿದ್ದುದು ಜೇಬಿನ ಬಟ್ಟೆಯ ಮೇಲೆ. ಪ್ಯಾಂಟಿನ ಜೇಬಿಗೆ ಒಳಗಡೆ ಹಾಕುವ ಬಿಳಿ ಬಟ್ಟೆ ಇರುತ್ತದಲ್ಲ, ಅದರ ತುಂಡುಗಳು ಕಟಿಂಗ್ ಟೇಬಲ್ಲಿನ ಮೇಲೆ ಬೇಕಾದಷ್ಟು ಬಿದ್ದಿರುತ್ತಿದ್ದವು. ಬಾಲ್‌ಪೆನ್ನು ಅದರ ಮೇಲೆ ಬೆಣ್ಣೆಯ ಹಾಗೆ ಓಡುತ್ತಿತ್ತು. ಮನೆಯಲ್ಲಿ ಆಡಿದ್ದು ಕನ್ನಡ, ಶಾಲೆಯಲ್ಲಿ ಕಲಿತಿದ್ದು ತೆಲುಗು. ಹಾಗಾಗಿ ಕನ್ನಡ ಕವಿತೆಯನ್ನು ತೆಲುಗು ಅಕ್ಷರದಲ್ಲೇ ಬರೆಯುತ್ತಿದ್ದ. ಆ ಗಡಿ ಸೀಮೆಯಲ್ಲಿ ಅದೊಂದು ವಿಶೇಷವೂ ಅಲ್ಲ. ಬರೆದ ತುಂಡುಗಳನ್ನು ಮಡಿಸಿ ಟೇಬಲ್ಲಿನ ಕೆಳಗೆ ಒಂದು ಚೀಲಕ್ಕೆ ಹಾಕುತ್ತಿದ್ದ. ಅಲ್ಲಿ ಅರವತ್ತು ಕವಿತೆಗಳಿದ್ದವು. ಬೇರೆ ಪ್ರತಿ ಇರಲಿಲ್ಲ.

ಅವನ ಕವಿತೆಗಳಿಗೆಲ್ಲ ಬಾಲವಿತ್ತು. ಮೊದಲ ಅರ್ಧ ಹಗರಿ ಹೊಳೆಯದ್ದೋ ಶೇಂಗಾ ಹೂವಿನದ್ದೋ ಮಾತು. ಆಮೇಲೆ ಇದ್ದಕ್ಕಿದ್ದಂತೆ ಕವಿ ಎದ್ದು ನಿಂತು ‘ಆದುದರಿಂದ ಎಲೈ ಮಾನವಾ’ ಎಂದು ಬುದ್ಧಿ ಹೇಳಲು ಶುರುಮಾಡುತ್ತಿದ್ದ. ಮಡಕಶಿರಾದಲ್ಲಿ ಮದುವೆ ಕಾರ್ಡು ಅಚ್ಚುಹಾಕುವ ಪ್ರೆಸ್ಸಿನ ನರಸಿಂಹಯ್ಯ ಅವನ ಬಾಲ್ಯದ ಗೆಳೆಯ. ಪುಸ್ತಕ ಮಾಡಿಕೊಡುತ್ತೇನೆ, ಬಾಲ ಮಾತ್ರ ಕತ್ತರಿಸು ಎಂದು ಅವನು ವರ್ಷಗಟ್ಟಲೆ ಗೋಗರೆದಿದ್ದ. ಚಿಕ್ಕತಿಮ್ಮಯ್ಯ ಒಪ್ಪಿರಲಿಲ್ಲ. ತತ್ತ್ವ ಇರುವುದೇ ಅಲ್ಲಿ ಎಂಬುದು ಅವನ ವಾದ. ಹೆತ್ತವರಿಗೆ ಹೆಗ್ಗಣ ಮುದ್ದು! ಕಡೆಗೆ ನರಸಿಂಹಯ್ಯನೇ ಸೋತು, “ಆಗ್ಲಿ ಕಣಯ್ಯ, ಬಾಲದ ಸಮೇತ್ಲೇ ಹಾಕ್ತೀನಿ. ಸೋಮವಾರ ಬತ್ತೀನಿ, ಚೀಲ ಕೊಡು” ಎಂದು ಫೋನು ಮಾಡಿದ್ದ.

ಸೋಮವಾರ ನರಸಿಂಹಯ್ಯ ಬಸ್ಸಿಳಿದು ಶೆಡ್ಡಿಗೆ ಬಂದ. ಇಬ್ಬರೂ ಚಹಾ ಕುಡಿದರು. ಚಿಕ್ಕತಿಮ್ಮಯ್ಯ ಮದುವಣಿಗನ ಗತ್ತಿನಲ್ಲಿ ಬಗ್ಗಿ ಟೇಬಲ್ಲಿನ ಕೆಳಗೆ ಕೈ ಹಾಕಿದ. ಚೀಲ ಸಿಕ್ಕಿತು. ಒಳಗೆ ಏನೂ ಇರಲಿಲ್ಲ.

“ಸುಂಕಲಮ್ಮಾ, ಇದ್ರಾಗಿದ್ದ ಬಟ್ಟೆ?”

ಸುಂಕಲಮ್ಮ ಜೇಬು ಹೊಲಿಯುವವಳು. ಮಷೀನಿನಿಂದ ತಲೆ ಎತ್ತಲಿಲ್ಲ. “ಜೇಬಿಗೆ ಹಾಕೀನ್ರಿ ಮಾಸ್ಟ್ರ. ನಿನ್ನಿ ನೀವು ಬಂದಿರ್ಲಿಲ್ಲ, ಅರ್ಜೆಂಟ್ ಲಾಟು, ಬಿಳಿ ಬಟ್ಟಿ ಸಾಲ್ಲಿಲ್ಲ. ಇದು ಇತ್ತು, ಹೊಲದೆ.”

“ಬರ್ದಿದ್ದು ಕಾಣ್ಲಿಲ್ವೇನಮ್ಮ!”

“ಕಂಡಿತ್ರಿ. ನೀವು ದಿನಾ ಬಟ್ಟಿ ಮ್ಯಾಲ ಸೈಜು, ಬಂಡಲ್ ನಂಬರು ಬರೀತಿರ್ತೀರಲ್ಲ, ಇವೂ ಅವೇ ಅಂದ್ಕೊಂಡೆ. ಗಿರಾಕಿಗೆ ಕಾಣಬಾರ್ದು ಅಂತ ಬರದಿದ್ದು ಒಳಮುಖ ಮಾಡಿ ಹೊಲದೀನಿ.” ಅವನ ಮುಖ ನೋಡಿದ ಮೇಲೆ ಅವಳ ಕಾಲು ಪೆಡಲಿನ ಮೇಲೆ ನಿಂತಿತು. “ಯಾಕ್ರಿ, ಏನಾತ್ರಿ?”

ಆ ಪ್ಯಾಂಟುಗಳ ಲಾಟು ಬೆಳಿಗ್ಗೆಯೇ ವಾಷಿಂಗಿಗೆ ಹೋಗಿತ್ತು. ವಾಷಿಂಗ್ ಎಂದರೆ ಹಳ್ಳದಲ್ಲಿ ಅದ್ದಿ ತೆಗೆಯುವುದಲ್ಲ. ಬಿಸಿನೀರು, ಬ್ಲೀಚು, ಮುಕ್ಕಾಲು ಗಂಟೆ ಗರಗರ. ಹೊಸ ಪ್ಯಾಂಟೇ ಹಳೆಯದಾಗಿ ಹೊರಬರುತ್ತದೆ. ಬಾಲ್‌ಪೆನ್ನಿನ ಗತಿ ಏನು? ಮೂವರೂ ಆಟೋ ಹತ್ತಿದರು.

ದಾರಿಯಲ್ಲಿ ನರಸಿಂಹಯ್ಯ ಸುಮ್ಮನಿರಲಾರದೆ, “ನೀನೇ ಬರ್ದಿದ್ಯಲ್ಲೋ, ಉದುರಿದ ಎಲೆ ಎಲ್ ಬಿದ್ದೆ ಅಂತ ಕೇಳಲ್ಲ ಅಂತ” ಎಂದ.

“ಅದು ಎಲೆಗೆ ಹೇಳಿದ್ದು ಕಣೋ, ನನಗಲ್ಲ!” ಎಂದು ಚಿಕ್ಕತಿಮ್ಮಯ್ಯ ಸಿಡುಕಿದ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನಾವು ನಗಬಹುದು. ಆದರೆ ಅವನ ಕೈ ಆ ಖಾಲಿ ಚೀಲವನ್ನು ಇನ್ನೂ ಬಿಟ್ಟಿರಲಿಲ್ಲ. ಹದಿನೈದು ವರ್ಷದಲ್ಲಿ ಅವನು ಕತ್ತರಿಸಿದ ಸಾವಿರಾರು ಪ್ಯಾಂಟುಗಳಲ್ಲಿ ಒಂದೂ ಅವನದಾಗಿರಲಿಲ್ಲ. ತನ್ನದು ಅಂತ ಇದ್ದಿದ್ದು ಆ ಚೀಲ ಒಂದೇ.

ವಾಷಿಂಗ್ ಶೆಡ್ಡು ತಲುಪುವ ಹೊತ್ತಿಗೆ ಅರ್ಧ ಲಾಟು ಮಿಂದು ಮುಗಿಸಿ ಹೊರಗೆ ಬಿದ್ದಿತ್ತು. ಚಿಕ್ಕತಿಮ್ಮಯ್ಯ ಒಂದು ಒದ್ದೆ ಪ್ಯಾಂಟಿನ ಜೇಬು ಹೊರಗೆಳೆದ. ಪ್ಯಾಂಟಿನ ಬಣ್ಣ ಹತ್ತಿ ತಿಳಿನೀಲಿಯಾದ ಬಟ್ಟೆ, ಅಷ್ಟೇ; ಅಕ್ಷರ ಒಂದೂ ಇಲ್ಲ. ಇನ್ನೊಂದು ಎಳೆದ. ಅದೂ ಅಷ್ಟೇ. ಅವನು ಅಲ್ಲೇ ಒದ್ದೆ ನೆಲದ ಮೇಲೆ ಕೂತುಬಿಟ್ಟ.

“ತೊಳೀದೆ ಉಳಿದಿದ್ದು ಇಲ್ಲೈತೆ ನೋಡಣ್ಣ. ಈ ಮಷೀನ್ ನಿಲ್ಲಾಗಂಟ ಟೈಮೈತೆ, ನಿಂತ್ಮೇಲೆ ಹಾಕ್ಲೇಬೇಕು” ಎಂದಳು ಅಲ್ಲಿ ಕೆಲಸಕ್ಕಿದ್ದ ಶಂಕ್ರಮ್ಮ. ಮಾತಿನ ಧಾಟಿಯಿಂದಲೇ ತನ್ನ ಸೀಮೆಯವಳೆಂದು ಅವನಿಗೆ ಗೊತ್ತಾಯಿತು.

ತಪ್ಪು ತನ್ನದೆಂದು ಸುಂಕಲಮ್ಮ ಸೆರಗು ಸಿಕ್ಕಿಸಿ ಒಣ ರಾಶಿಗೆ ಕೈಹಾಕಿದಳು. ಜೇಬು ಹೊರಗೆಳೆದು ತೆಲುಗು ಅಕ್ಷರ ಕೂಡಿಸಿ ಕೂಡಿಸಿ ಓದುವುದು ಅವಳು, ಕನ್ನಡದಲ್ಲಿ ಬರೆದುಕೊಳ್ಳುವುದು ನರಸಿಂಹಯ್ಯ. ಸಿಕ್ಕ ಮೊದಲನೆಯದು ಹಗರಿಯದು.

‘ಹಗರಿಯಲ್ಲಿ ನೀರಿಲ್ಲ ಅನ್ನುತ್ತಾರೆ.
ಮರಳಿನ ಮೇಲೆ ಹಕ್ಕಿ ನಡೆದ ಗೆರೆ
ದಡದಿಂದ ದಡಕ್ಕೆ,
ಹೊಳೆಯಷ್ಟೇ ಡೊಂಕು.’

“ಇಷ್ಟ ಐತ್ರಿ, ಮುಂದ ಇಲ್ಲ” ಎಂದಳು.

“ಕೆಳಗೆ ಆರು ಸಾಲು ಇರ್ಬೇಕಲ್ಲ!”

“ಕೆಳಗಿಂದು ಕತ್ತರಿಸಿ ಬಿಸಾಕೀನ್ರಿ. ಜೇಬು ಒಂದು ಗೇಣು, ನಿಮ್ಮ ಬಟ್ಟಿ ಒಂದೂವರಿ ಗೇಣು. ಎಲ್ಲಾವೂ ಹಂಗ ಅದಾವ್ರಿ.”

ನರಸಿಂಹಯ್ಯನಿಗೆ ನಗು ತಡೆಯಲಾಗಲಿಲ್ಲ. “ನಾನು ಇಷ್ಟು ವರ್ಷ ಬಡ್ಕೊಂಡೆ, ಈಯಮ್ಮ ಒಂದೇ ಭಾನುವಾರದಾಗೆ ಮಾಡವ್ಳೆ!”

ಚಿಕ್ಕತಿಮ್ಮಯ್ಯನಿಗೆ ರೇಗಿತು. ಮೊದಲ ಸಾಲುಗಳು ಅವನಿಗೆ ಮರೆತೇಹೋಗಿದ್ದವು, ಆದರೆ ಬಾಲಗಳೆಲ್ಲ ಬಾಯಿಪಾಠ. ಎಲ್ಲ ಬಾಲವೂ ಹೆಚ್ಚು ಕಡಿಮೆ ಒಂದೇ ಆಗಿದ್ದವು ಅನ್ನುವುದು ಬೇರೆ ಮಾತು. “ಬರ್ಕೋ. ಆದುದರಿಂದ ಎಲೈ ಮಾನವಾ...” ಎಂದು ಆರು ಸಾಲನ್ನೂ ಗಟ್ಟಿಯಾಗಿ ಹೇಳಿದ. ನರಸಿಂಹಯ್ಯ ಬರೆದುಕೊಂಡ.

ಆಗ ಚಿಕ್ಕತಿಮ್ಮಯ್ಯ ಒಂದನ್ನು ಗಮನಿಸಿದ. ಹಕ್ಕಿಯ ಗೆರೆಯ ತನಕ ಶಂಕ್ರಮ್ಮ ಹತ್ತಿರ ಬಂದು ನಿಂತಿದ್ದಳು. ‘ಎಲೈ ಮಾನವಾ’ ಬಂದದ್ದೇ ತಡ, ತನಗಲ್ಲ ಅನ್ನುವಂತೆ ಮಷೀನಿನ ಕಡೆ ಹೋಗಿಬಿಟ್ಟಳು. ಎರಡನೆಯ ಕವಿತೆಗೆ ಮತ್ತೆ ಬಂದಳು, ಬಾಲಕ್ಕೆ ಮತ್ತೆ ಹೋದಳು. ಮೂರನೆಯದಕ್ಕೂ ಹಾಗೇ ಆಯಿತು. ಚಿಕ್ಕತಿಮ್ಮಯ್ಯನ ದನಿ ಸಣ್ಣದಾಯಿತು. ಮನಸ್ಸು ಮಾತ್ರ ಹಟ ಬಿಡಲಿಲ್ಲ; ಪಾಪ, ಅವಳಿಗೆ ಕೆಲಸವಿರಬೇಕು ಎಂದುಕೊಂಡ.

ಸುಂಕಲಮ್ಮ ಇನ್ನೊಂದು ಜೇಬು ಎಳೆದು, ಬೆಳಕಿಗೆ ಹಿಡಿದು ಓದಿದಳು.

‘ಹಿಪ್ಪುನೇರಳೆ ಸವರಿದ ದಿನ
ಪ್ರತಿ ಕಡ್ಡಿಯ ತುದಿಗೂ ಒಂದು ಹನಿ.
ಅಳು ಅಂದುಕೊಂಡು ಮುಟ್ಟಿದೆ.
ಹಾಲು.’

ಶೆಡ್ಡಿನಲ್ಲಿ ಮಷೀನು ತಿರುಗುತ್ತಲೇ ಇತ್ತು. ಶಂಕ್ರಮ್ಮ ಕೈಯ ರಬ್ಬರ್ ಗವಸು ತೆಗೆದು ತನ್ನ ಬೆರಳುಗಳನ್ನು ನೋಡಿಕೊಂಡಳು. “ಹೌದಣ್ಣ, ಹಾಲೇ. ಅಂಟ್ಕಂಡ್ರೆ ಸಾಯಂಕಾಲದ ಗಂಟ ಬಿಡ್ತಿರಲಿಲ್ಲ” ಎಂದಳು. “ನಮ್ಮವ್ವ ಬೂದಿ ಹಚ್ಚಿ ತಿಕ್ಕಿ ತೊಳೀತಿದ್ಲು.” ಬೆರಳು ಮೂಗಿನ ಹತ್ತಿರ ತಂದಳು. ಅಲ್ಲಿ ಬ್ಲೀಚಿನ ವಾಸನೆ ಬಿಟ್ಟು ಬೇರೇನೂ ಇದ್ದಿರಲಾರದು. ಆದರೂ ಅವಳು ಕೈ ಇಳಿಸಲಿಲ್ಲ.

ಚಿಕ್ಕತಿಮ್ಮಯ್ಯ ಒದ್ದೆ ನೆಲದಿಂದ ಎದ್ದು ನಿಂತ. ಒಬ್ಬರು ತನ್ನ ಕವಿತೆಯೊಳಗೆ ಹೋಗಿ ನಿಲ್ಲುವುದನ್ನು ಅವನು ಕಣ್ಣಾರೆ ನೋಡಿದ್ದು ಅದೇ ಮೊದಲು.

“ಹೇಳಯ್ಯ, ಮುಂದೆ?” ನರಸಿಂಹಯ್ಯ ಪೆನ್ನು ಹಿಡಿದು ಕಾಯುತ್ತಿದ್ದ. ಶಂಕ್ರಮ್ಮನೂ ಕವಿಯ ಮುಖವನ್ನೇ ನೋಡಿದಳು.

ಮುಂದಿನ ಆರು ಸಾಲೂ ಚಿಕ್ಕತಿಮ್ಮಯ್ಯನ ನಾಲಗೆಯ ತುದಿಯಲ್ಲಿದ್ದವು.

“ಅಷ್ಟೇ ಕಣಮ್ಮ” ಎಂದ ಅವನು. “ಮುಂದೆ ಏನೂ ಬರ್ದಿಲ್ಲ.”