ಸೋಮವಾರಕ್ಕೆ ಉಳಿದ ಕಣ್ಣು

ನಾನು ಒಂದು ಕುಂಚ. ದೇವರ ಮೂರ್ತಿಗಳಿಗೆ ಬಣ್ಣ ಹಚ್ಚುವ ಕಿನ್ನಾಳದ ಚಿತ್ರಗಾರರ ಮನೆಯಲ್ಲಿ ಗಿರಿಯವ್ವ ಎಂಬಾಕೆ ಅಳಿಲಿನ ಬಾಲದ ಕೂದಲನ್ನು ಬಿದಿರುಕಡ್ಡಿಗೆ ಬಿಗಿದು ನನ್ನನ್ನು ಕಟ್ಟಿದಳು. ಮಗ ಏಕಪ್ಪ ಸೈನ್ಯಕ್ಕೆ ಹೊರಟಾಗ ಅವನ ಟ್ರಂಕಿನಲ್ಲಿ ಇಟ್ಟಳು. ಬಂದೂಕು ಹಿಡಿಯುವವನಿಗೆ ನಾನೇಕೆ ಎಂದು ನನಗೇ ನಾಚಿಕೆಯಾಗಿತ್ತು.

ಲಡಾಖಿನಲ್ಲಿ ಬಣ್ಣ ಹೆಪ್ಪುಗಟ್ಟುತ್ತಿತ್ತು. ಏಕಪ್ಪ ನನ್ನನ್ನು ಬಾಯಲ್ಲಿಟ್ಟು ಬೆಚ್ಚಗೆ ಮಾಡಿ, ಬಿಸ್ಕತ್ತಿನ ರಟ್ಟಿನ ಮೇಲೆ ಜೊತೆಯವರ ಮುಖ ಬರೆಯುತ್ತಿದ್ದ. ಅವರು ಅದನ್ನು ಊರಿಗೆ ಕಳಿಸುತ್ತಿದ್ದರು.

ಕುಂದಗೋಳದ ಭರಮಗೌಡನಿಗೆ ಮಗಳು ಹುಟ್ಟಿದ್ದಳು. ಅವನಿನ್ನೂ ನೋಡಿರಲಿಲ್ಲ. ತನ್ನ ಮುಖವಾದರೂ ಅವಳಿಗೆ ಕಾಣಲೆಂದು ಬಂದು ಕೂತ. ಶನಿವಾರ ಸಂಜೆಗೆ ಎಲ್ಲ ಮುಗಿದು ಕಣ್ಣು ಮಾತ್ರ ಉಳಿಯಿತು.

“ಲೇ ಏಕ್ಯಾ, ನನ್ನ ಮಗಳಿಗೆ ಕುಡ್ಡ ಅಪ್ಪನ್ನ ಕಳಸ್ತಿಯೇನೋ?”

“ಕಣ್ಣ ಸೋಮವಾರನ ತೆರಿಬೇಕು. ನಮ್ಮನಿ ಪದ್ಧತಿ.”

“ನಾ ಏನ್ ದೇವರ ಮೂರ್ತಿಯೇನಲೇ?”

“ಮೀಸಿ ನೋಡಿದ್ರ ವೀರಭದ್ರನ ಅದಿ. ಸುಮ್ಮನ ಕೂಡು.”

ಭಾನುವಾರ ಭರಮಗೌಡ ಗಸ್ತಿಗೆ ಹೋದ. ಗುಂಡಿನ ಕಾಳಗವಾಯಿತು. ಅವನು ಮರಳಲಿಲ್ಲ, ದೇಹವೂ ಸಿಗಲಿಲ್ಲ.

ಏಕಪ್ಪನ ಕೈಚಳಕ ಕಂಡ ಮೇಜರ್ ಸಾಹೇಬರು ಬಂದೂಕು ಬಿಡಿಸಿ ಅವನನ್ನು ಯುದ್ಧದ ಚಿತ್ರ ಬರೆಯಲು ಹಚ್ಚಿದರು. ಕಂದಕ, ಕಣಿವೆ, ಗಾಯಾಳುಗಳನ್ನು ಹೊತ್ತ ಹೇಸರಗತ್ತೆಗಳು, ಎಲ್ಲ ಪತ್ರಿಕೆಗಳಲ್ಲಿ ಅಚ್ಚಾದವು. ಯುದ್ಧ ಮುಗಿದರೂ ಅವನು ಗಡಿಯಲ್ಲೇ ಉಳಿದು ಕುರಿಗಾಹಿಗಳನ್ನೂ ಅವರ ಡೇರೆಗಳನ್ನೂ ಬರೆದ. ಹೆಸರು ಬಂತು. ಭರಮಗೌಡನ ರಟ್ಟನ್ನು ಕೈಗೆತ್ತಿಕೊಂಡಾಗ ಮಾತ್ರ ನನ್ನನ್ನು ಕಪ್ಪಿನಲ್ಲಿ ಅದ್ದಿ, ಬರೆಯದೆ ತೊಳೆದಿಡುತ್ತಿದ್ದ. ಅದು ನನಗಷ್ಟೇ ಗೊತ್ತು. ಎಷ್ಟೋ ಸೋಮವಾರಗಳು ಹಾಗೇ ಕಳೆದವು.

ಆರು ವರ್ಷದ ಮೇಲೆ ಅವನು ಕುಂದಗೋಳಕ್ಕೆ ಹೋದ. ಭರಮಗೌಡನ ಹೆಂಡತಿ ನೀಲವ್ವ ರಟ್ಟನ್ನು ತೊಡೆಯ ಮೇಲಿಟ್ಟುಕೊಂಡು, ಸೆರಗಿನಿಂದ ಅದರ ಅಂಚನ್ನಷ್ಟೇ ಒರೆಸಿದಳು. ಮಗಳು ಬಗ್ಗಿ ನೋಡಿದಳು.

“ಯವ್ವಾ, ಅಪ್ಪ ಮಕ್ಕೊಂಡಾನೇನು?”

ಏಕಪ್ಪ ಆ ಹುಡುಗಿಯ ಕಣ್ಣನ್ನೇ ನೋಡುತ್ತ ನನ್ನನ್ನು ಕಪ್ಪಿನಲ್ಲಿ ಅದ್ದಿದ. “ತಪ್ಪಾತು ಅಕ್ಕಾ. ಇವತ್ತ ಸೋಮವಾರ. ತೆರದುಬಿಡ್ತೀನಿ.”

ನೀಲವ್ವ ಅವನ ಮಣಿಕಟ್ಟು ಹಿಡಿದಳು. “ಬ್ಯಾಡೋ ತಮ್ಮಾ. ಮುಗಿಸಿದ್ರ ಮುಗದ ಹೋಕ್ಕೈತಿ. ಅವರು ಬರಲಿ, ಎದುರಿಗೆ ಕುಂದ್ರಿಸಿ ಬರದಿಯಂತ.”

ಏಕಪ್ಪ ನನ್ನನ್ನು ತೊಳೆದು, ಗೋಡೆಯ ಗೂಡಿನಲ್ಲಿ ರಟ್ಟಿನ ಪಕ್ಕದಲ್ಲಿಟ್ಟು ಹೋದ. ಈಗ ಅವನೂ ಇಲ್ಲ. ನೀಲವ್ವನ ತಲೆ ಪೂರ್ತಿ ಬೆಳ್ಳಗಾಗಿದೆ. ಸೋಮವಾರ ಬಂದರೆ ಗೂಡು ಒರೆಸಿ, ತೆಂಗಿನ ಚಿಪ್ಪಿನಲ್ಲಿ ಹೊಸ ನೀರು ತುಂಬಿ ನನ್ನ ಬಳಿ ಇಡುತ್ತಾಳೆ.

ನನ್ನ ಕೂದಲು ಒಂದೊಂದಾಗಿ ಉದುರುತ್ತಿವೆ. ಬೆಟ್ಟ, ಆಕಾಶ ಇನ್ನು ನನ್ನಿಂದಾಗದು. ಆದರೆ ಎರಡು ಕಣ್ಣಿಗೆ ನಾಲ್ಕು ಕೂದಲು ಸಾಕು. ಅಷ್ಟನ್ನು ಹೇಗೋ ಹಿಡಿದುಕೊಂಡಿದ್ದೇನೆ.